ಅಕ್ಕನ ಕೈಗೆ ಹೊಂದುವ ಮೆಷಿನ್ನು

ಅಜ್ಜಂಪುರದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ನನ್ನ ಅಂಗಡಿಯ ಕಟ್ಟೆಯ ಮೇಲೆ ದೊಡ್ಡದೊಂದು ಗಂಟು ಇಳಿಸಿ, "ನಿಮ್ಮಕ್ಕ ಕೊಟ್ಟವ್ರೆ ಕಣಮ್ಮ, ಒಳ್ಳೆ ಹೆಣಭಾರ ಐತೆ" ಎಂದು ಹೋಗಿಬಿಟ್ಟ. ಬಿಚ್ಚಿ ನೋಡಿದರೆ ಅರ್ಧಂಬರ್ಧ ಹೊಲಿದ ಕೌದಿಗಳು. ಅವುಗಳ ಮೇಲೆ ಅಕ್ಕನ ಸೂಜಿಗಳ ಡಬ್ಬಿ. ಬೆರಳಿಗೆ ಸೂಜಿ ಚುಚ್ಚದ ಹಾಗೆ ಅವಳು ಹಾಕಿಕೊಳ್ಳುತ್ತಿದ್ದ ಹಿತ್ತಾಳೆಯ ಟೋಪಿಯೂ ಅದರಲ್ಲೇ ಇತ್ತು. ಕೂಡಲೇ ಫೋನ್ ಮಾಡಿದೆ.

"ಏನಕ್ಕಾ ಇದು?"

"ಡಾಕ್ಟ್ರು ಸೂಜಿ ಮುಟ್ಟಬೇಡ ಅಂದ್ರು ಕಣೇ. ಹೆಬ್ಬೆಟ್ಟಿನ ನರಕ್ಕೆ ಪೆಟ್ಟಾಗೈತಂತೆ. ಹಿಂಗೇ ಹೊಲೀತಾ ಕೂತ್ರೆ ಲೋಟ ಹಿಡಿಯಾಕೂ ಆಗಲ್ಲ ಅಂದ್ರು. ಬೇರೆ ಯಾರ್ ಕೈಲಾದ್ರೂ ಹೊಲಿಸ್ಕೋ."

"ಬೇರೆ ಯಾರು ಹೊಲೀತಾರೆ ನಿನ್ ಥರ?"

"ಅದು ನಿನ್ ತಲೆನೋವು. ನಾನಂತೂ ಬಿಟ್ಟೆ."

ಕೌದಿಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಜನ ತಮ್ಮ ಮನೆಯ ಹಳೆಯ ನೂಲಿನ ಸೀರೆ, ಪಂಚೆ, ಮಕ್ಕಳ ಅಂಗಿಗಳನ್ನು ತಂದುಕೊಡುತ್ತಾರೆ. ಅವನ್ನು ಕತ್ತರಿಸಿ, ಬಣ್ಣ ಹೊಂದಿಸಿ, ಕಡೂರಿನ ನನ್ನ ಅಂಗಡಿಯಲ್ಲಿ ಮೇಲ್ಪದರ ಜೋಡಿಸುವುದು ನನ್ನ ಕೆಲಸ. ಅದರ ಕೆಳಗೆ ಇನ್ನೂ ಮೂರ್ನಾಲ್ಕು ಪದರ ಹಳೆ ಸೀರೆ ಹಾಸಿ, ಎಲ್ಲವನ್ನೂ ಒಟ್ಟಿಗೆ ಹಿಡಿದು ಸಾಲು ಸಾಲಾಗಿ ಕೈಹೊಲಿಗೆ ಹಾಕುವುದು ಅಜ್ಜಂಪುರದ ಮನೆಯಲ್ಲಿ ಅಕ್ಕನ ಕೆಲಸ. ನಮ್ಮಮ್ಮ ಕಲಿಸಿದ ಪದ್ಧತಿಯಲ್ಲಿ ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತಾ ಒಳಕ್ಕೆ ಬರಬೇಕು. ಕೊನೆಗೆ ನಡುವೆ ಅಂಗೈಯಗಲದ ಒಂದು ಚೌಕ ತೆರೆದೇ ಉಳಿಯುತ್ತದೆ. ಕೌದಿ ಹೊದೆಯುವವರೇ ಬಂದು, ತಮ್ಮ ಮೈಮೇಲಿನ ಬಟ್ಟೆಯದೊಂದು ಚೂರನ್ನು ಅದರೊಳಗಿಟ್ಟ ಮೇಲೆ ಚೌಕ ಮುಚ್ಚುತ್ತೇವೆ. ಬೇರೆ ಕಡೆ ಹೇಗೋ ನನಗೆ ಗೊತ್ತಿಲ್ಲ, ನಮ್ಮಲ್ಲಿ ಹೀಗೆ.

ಅಕ್ಕನಿಗೆ ಉಣ್ಣಲು ಉಡಲು ಕೊರತೆಯಿಲ್ಲ. ಭಾವನ ಈರುಳ್ಳಿ ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಆ ವಾರ ನೋಡಲು ಹೋದಾಗ ಅವಳು ಟೀವಿಯ ಮುಂದೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. ಟೀವಿ ನೋಡುತ್ತಿರಲಿಲ್ಲ. ನಾನು ಬಂದದ್ದಕ್ಕೆ ಬೈಯಲೂ ಇಲ್ಲ. ನಮ್ಮಕ್ಕ ಬೈಯದೆ ಕೂತಳೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಕಾಫಿ ಕುಡಿದು ಎದ್ದಾಗ ಒಂದೇ ಮಾತು ಕೇಳಿದಳು: "ಆ ಗಂಟು ಯಾರಿಗಾದ್ರೂ ಕೊಟ್ಟೇನೇ?" ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅಲ್ಲಿಂದ ವಾಪಸು ಬರುವಾಗ, ರೈಲು ಬೀರೂರಿಗೆ ಬರುವಷ್ಟರಲ್ಲಿ ನನ್ನ ತಲೆಯೊಳಗೆ ಮೆಷಿನ್ನು ಓಡಲು ಶುರುವಾಗಿತ್ತು. ಕೌದಿಗೆಂದೇ ಮಾಡಿದ ದೊಡ್ಡ ಮೆಷಿನ್ನುಗಳಿವೆ, ಫೋನಿನಲ್ಲಿ ನೋಡಿದ್ದೆ. ಪರದೇಶದ ಹೆಂಗಸರು ಮಂಚದಷ್ಟಗಲದ ಹೊದಿಕೆಯನ್ನು ಬೆಣ್ಣೆಯ ಮೇಲೆ ಬೆರಳಾಡಿಸಿದಂತೆ ಆಡಿಸುತ್ತಾರೆ. ಅಂಥದ್ದೊಂದನ್ನು ಅಕ್ಕನಿಗೆ ತಂದುಕೊಟ್ಟರೆ ಅವಳು ಮತ್ತೆ ಹೊಲಿಯುತ್ತಾಳೆ! ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಇದನ್ನೆಲ್ಲ ಹೇಳಿಯೂ ಬಿಟ್ಟೆ. ಆಕೆ ಪಾಪ, ಬೀರೂರು ಬಂದದ್ದೇ ಬದುಕಿದೆನೆಂದು ಇಳಿದುಹೋದಳು.

ಮೊದಲ ಪ್ರಯೋಗ ನನ್ನ ಅಂಗಡಿಯಲ್ಲೇ ಆಯಿತು. ನನ್ನದು ಮೋಟಾರು ಹಾಕಿಸಿದ ಸಾಧಾರಣ ಟೈಲರ್ ಮೆಷಿನ್ನು. ಗಂಟಿನಿಂದ ಒಂದು ಕೌದಿ ತೆಗೆದು, ಸುರುಳಿ ಸುತ್ತಿ ಅದರೊಳಗೆ ತೂರಿಸಿದೆ. ಸೂಜಿಗೂ ಮೆಷಿನ್ನಿನ ಕಂಬಕ್ಕೂ ನಡುವೆ ಇರುವ ಜಾಗವನ್ನು ನಾವು ಬಗಲು ಎನ್ನುತ್ತೇವೆ. ನನ್ನ ಮೆಷಿನ್ನಿನ ಬಗಲಿನಲ್ಲಿ ದಿಂಬಿನ ಚೀಲ ಹಿಡಿದರೆ ಹೆಚ್ಚು. ಅಕ್ಕ ಬಿಟ್ಟಲ್ಲಿಂದ ಎರಡು ಸುತ್ತು ಹೇಗೋ ಹೋಯಿತು. ಮೂರನೆಯದಕ್ಕೆ ಸುರುಳಿ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಎಳೆಯಲು ಹೋಗಿ ಸೂಜಿ ಮುರಿಯಿತು. ಅಕ್ಕನ ಕೈಹೊಲಿಗೆಯ ಪಕ್ಕದಲ್ಲಿ ನನ್ನ ಹೊಲಿಗೆ ನೋಡಲಾಗದೆ, ಹಾಕಿದ್ದನ್ನೆಲ್ಲ ಬಿಚ್ಚಿದೆ. ಅವಳು ಶುರುಮಾಡಿದ ಕೌದಿಗಳನ್ನು ಇನ್ನು ಪ್ರಯೋಗಕ್ಕೆ ಮುಟ್ಟುವುದಿಲ್ಲ ಎಂದುಕೊಂಡು, ನನ್ನವೇ ಹಳೆ ಸೀರೆಗಳಿಂದ ಪರೀಕ್ಷೆಗೆಂದು ಬೇರೆ ಪದರಗಳನ್ನು ಜೋಡಿಸಿಟ್ಟುಕೊಂಡೆ.

ಆಮೇಲೆ ತರೀಕೆರೆ. ಅಲ್ಲಿ ಕಾರಿನ ಸೀಟು, ಸೋಫಾ ಹೊಲಿಯುವ ಅಂಗಡಿಯೊಂದಿದೆ. ಯಜಮಾನರು ನಮ್ಮ ಕಡೆಯ ಪರಿಚಯದವರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರ ಮೆಷಿನ್ನು ಬಿಟ್ಟುಕೊಟ್ಟರು. ದಪ್ಪ ರೆಕ್ಸಿನ್ನನ್ನೇ ತೂರಿಕೊಂಡು ಹೋಗುವ ಸೂಜಿ ಅದು, ಸೀರೆಯ ಪದರ ಯಾವ ಲೆಕ್ಕ? ಲೆಕ್ಕಕ್ಕೇನೋ ಇರಲಿಲ್ಲ, ಆದರೆ ಹೊಲಿದು ಮುಗಿದ ತುಂಡು ಹೊದೆಯುವಂತಿರಲಿಲ್ಲ. ಅಷ್ಟು ಗಟ್ಟಿಯಾಗಿ ಒತ್ತಿ ಹೊಲಿದಿತ್ತು. ಸಾಲದ್ದಕ್ಕೆ ಮಾರಿಗೊಮ್ಮೆ ದಾರ ಕಿತ್ತು ಬರುತ್ತಿತ್ತು.

"ಏನ್ ತಂಗ್ಯಮ್ಮ, ಕೌದಿ ಅಂದೆ, ಕಾಲೊರ್ಸೋದು ಹೊಲ್ದಿದೀಯ?" ಎಂದು ಯಜಮಾನರು ನಕ್ಕರು.

"ಮೆಷಿನ್ ಸರಿಯಿಲ್ಲ ಕಣ್ರೀ ನಿಮ್ದು, ದಾರ ಕಿತ್ತಾಕ್ತೈತೆ" ಎಂದೆ.

"ಬೆಳಗ್ಗಿಂದ ನಂಗ್ ಒಂದ್ಸಲಾನೂ ಕಿತ್ತಿಲ್ಲ."

ಅವರ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಮುಂದಿನ ಅವಮಾನ ತಪ್ಪುತ್ತಿತ್ತು. ಆದರೆ ಅವರಿಂದ ಒಂದು ಒಳ್ಳೆಯ ಸುದ್ದಿ ಸಿಕ್ಕಿತು. ಶಿವಮೊಗ್ಗದ ಮೆಷಿನ್ ಅಂಗಡಿಯವರೊಬ್ಬರು ಮುಂದಿನ ವಾರ ತರೀಕೆರೆಯ ಸಮುದಾಯ ಭವನದಲ್ಲಿ ಎರಡು ದಿನ ಹೊಸ ಮೆಷಿನ್ನುಗಳನ್ನು ಇಟ್ಟು ತೋರಿಸುತ್ತಾರಂತೆ. ಕೌದಿ ಹೊಲಿಯುವಂಥವೂ ಬರುತ್ತವಂತೆ. ಆ ವಾರ ನಾನು ಹೊಲಿದ ರವಿಕೆಗಳಲ್ಲಿ ಎಷ್ಟಕ್ಕೆ ತೋಳು ಉಲ್ಟಾ ಕೂಡಿಸಿದೆನೋ ದೇವರಿಗೇ ಗೊತ್ತು. ಮನಸ್ಸೆಲ್ಲ ಅಲ್ಲೇ ಇತ್ತು.

ಪರೀಕ್ಷೆಯ ತುಂಡುಗಳನ್ನು ಮಾತ್ರ ಶ್ರದ್ಧೆಯಿಂದ ಸಿದ್ಧಮಾಡಿದೆ. ಅಮ್ಮನ ಕಾಲದಿಂದಲೂ ಕೌದಿಯ ಒಳಪದರಗಳಿಗೆ ಅನ್ನದ ಗಂಜಿ ಹಾಕುವುದು ನಮ್ಮ ರೂಢಿ. ತೆಳ್ಳಗೆ ಬಸಿದ ಗಂಜಿಯಲ್ಲಿ ಸೀರೆಗಳನ್ನು ಅದ್ದಿ, ಹಿಂಡಿ, ಅರೆಹಸಿ ಇರುವಾಗಲೇ ಒಂದರ ಮೇಲೊಂದು ಹಾಸಿ ತಟ್ಟಿ ಒಣಗಿಸಿದರೆ ಪದರಗಳು ಹಪ್ಪಳದಂತೆ ಗರಿಗರಿಯಾಗಿ ಅಂಟಿಕೊಳ್ಳುತ್ತವೆ. ಹೊಲಿಯುವಾಗ ಜರುಗುವುದಿಲ್ಲ. ಮೊದಲ ಒಗೆತಕ್ಕೆ ಗಂಜಿಯೆಲ್ಲ ಹೋಗಿ ಕೌದಿ ಮೆತ್ತಗಾಗುತ್ತದೆ. ದೊಡ್ಡ ಮೆಷಿನ್ನಿಗೆ ಒಯ್ಯುವುದಲ್ಲವೇ, ಮರ್ಯಾದೆಯ ಪ್ರಶ್ನೆ ಎಂದು ಈ ಸಲ ಗಂಜಿಯನ್ನು ಮಾಮೂಲಿಗಿಂತ ಗಟ್ಟಿಯಾಗಿಯೇ ಹಾಕಿದ್ದೆ.

ಮೊದಲ ದಿನ ನಾನೊಬ್ಬಳೇ ಹೋದೆ. ಭವನದೊಳಗೆ ಕಾಲಿಟ್ಟ ಕೂಡಲೇ ಬಾಯಲ್ಲಿ ನೀರೂರಿತು. ಉದ್ದನೆಯ ಮೇಜಿನ ಮೇಲೆ ಬಿಳೀ ಮೆಷಿನ್ನುಗಳು, ಒಂದೊಂದರ ಮೈಯಲ್ಲೂ ದೀಪ. ಮೆಷಿನ್ ತೋರಿಸಲು ಬಂದಿದ್ದ ಹೆಂಗಸು ನನ್ನದೇ ವಯಸ್ಸಿನವರು, ಕೊರಳಲ್ಲಿ ಟೇಪು, ಕಣ್ಣಿಗೆ ಕನ್ನಡಕ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಕೌದಿ ಎಂದದ್ದೇ ಅವರ ಮುಖ ಅರಳಿತು. ನೇರವಾಗಿ ಮಧ್ಯದಲ್ಲಿದ್ದ ಕಂಪ್ಯೂಟರ್ ಮೆಷಿನ್ನಿನ ಬಳಿ ಕರೆದುಕೊಂಡು ಹೋದರು.

ಅದನ್ನು ಏನೆಂದು ಬಣ್ಣಿಸಲಿ! ಬಗಲು ಎಷ್ಟು ಅಗಲವೆಂದರೆ ಸುತ್ತಿದ ಕೌದಿ ಆರಾಮವಾಗಿ ತೂರಿಹೋಗುವಂತಿತ್ತು. ಸೂಜಿಗೆ ದಾರ ತಾನೇ ಪೋಣಿಸಿಕೊಳ್ಳುತ್ತದೆ. ಹೊಲಿದು ಮುಗಿದ ಮೇಲೆ ದಾರ ತಾನೇ ಕತ್ತರಿಸುತ್ತದೆ. ಪರದೆ ಮುಟ್ಟಿದರೆ ಹೂವು, ಬಳ್ಳಿ, ನವಿಲು. ಪಕ್ಕಕ್ಕೆ ಒಂದು ಚೌಕಟ್ಟು ಸಿಕ್ಕಿಸಿದರೆ ರವಿಕೆಯ ತೋಳಿಗೆ ಕಸೂತಿಯನ್ನೂ ಹಾಕುತ್ತದೆ. ಮದುವೆಯ ರವಿಕೆಗಳ ಕಸೂತಿಯ ಕೆಲಸವನ್ನೆಲ್ಲ ಬೇರೆ ಊರಿಗೆ ಕಳಿಸಿ, ವಾರಗಟ್ಟಲೆ ಕಾದು, ಗಿರಾಕಿಗಳಿಂದ ಬೈಸಿಕೊಳ್ಳುವವಳು ನಾನು. ಆ ನವಿಲನ್ನು ನೋಡುತ್ತಾ ಅಕ್ಕನನ್ನು ಸ್ವಲ್ಪ ಹೊತ್ತು ಮರೆತೇಬಿಟ್ಟೆ ಎಂದರೆ ಸುಳ್ಳಲ್ಲ.

ನನ್ನ ತುಂಡನ್ನು ಹಾಕಿ ಹೊಲಿಯತೊಡಗಿದೆವು. ಒಂದು ಗೇಣು ಹೋಗುವಷ್ಟರಲ್ಲಿ ದಾರ ಕಿತ್ತಿತು. ಮತ್ತೆ ಪೋಣಿಸಿದೆವು, ಮತ್ತೆ ಕಿತ್ತಿತು. ಮೇಡಂ ದಾರದ ಟೆನ್ಷನ್ ಸಡಿಲ ಮಾಡಿದರು. ಈಗ ಹೊಲಿಗೆ ಅಲ್ಲಲ್ಲಿ ಬಿಡತೊಡಗಿತು. ದಪ್ಪ ಸೂಜಿ ಹಾಕಿದರು, ದಾರ ಬದಲಾಯಿಸಿದರು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಏನೋ ಮೂಡಿ ಮೆಷಿನ್ನು ಕುಂಯ್ ಎಂದು ನಿಂತೇಹೋಯಿತು. ಸುತ್ತ ನೋಡುತ್ತಿದ್ದವರು ಗುಸುಗುಸು ಶುರುಮಾಡಿದರು.

"ಇಷ್ಟ್ ದೊಡ್ ಮೆಷಿನ್ನಿಗೆ ನಾಕ್ ಪದರ ಹೊಲಿಯಾಕಾಗಲ್ವ?" ಎಂದು ನಾನೂ ದನಿ ಎತ್ತಿದೆ.

ಮೇಡಂ ಸೂಜಿಯ ಕೆಳಗಿನ ತಟ್ಟೆ ಬಿಚ್ಚಿ, ಕೆಳದಾರ ಸುತ್ತಿದ ಬಾಬಿನ್ ಇರುವ ಗೂಡನ್ನು ಹೊರತೆಗೆದರು. ಒಳಗೆಲ್ಲ ಬಿಳೀ ಪುಡಿ. ಸೂಜಿಯ ಕಣ್ಣಿನ ಸುತ್ತ ಗೋಂದಿನಂತೆ ಕಟ್ಟಿಕೊಂಡಿತ್ತು. ಬೆರಳಿಗೆ ಹಚ್ಚಿ ಉಜ್ಜಿದರು, ಮೂಸಿದರು. ಆಮೇಲೆ ನನ್ನ ಮುಖ ನೋಡಿದರು.

"ಅಮ್ಮಾ, ಮೆಷಿನ್ನಿಗೆ ಗಂಜಿ ಊಟ ಹಾಕಿಸಿದೀರಾ?"

ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ಕೈಸೂಜಿ ನಿಧಾನವಾಗಿ ಹೋಗುತ್ತದೆ, ಗಂಜಿಗೆ ಜಗ್ಗುವುದಿಲ್ಲ. ಆದರೆ ಮೆಷಿನ್ನಿನ ಸೂಜಿ ಓಡುವ ವೇಗಕ್ಕೆ ಬಿಸಿಯೇರಿ, ಗಂಜಿ ಅದಕ್ಕೆ ಮೆತ್ತಿಕೊಂಡು, ದಾರವನ್ನು ತರಚಿ ಹಾಕುತ್ತದೆ. ಉದುರಿದ ಪುಡಿ ಕೆಳಗಿನ ಗೂಡಿಗಿಳಿದು ಜಾಮ್ ಆಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು ನನ್ನ ಕಥೆ. ತರೀಕೆರೆಯ ಯಜಮಾನರ ಮೆಷಿನ್ನನ್ನು ಬೈದದ್ದು ನೆನಪಾಗಿ, ಅವರ ಅಂಗಡಿಯ ಮುಂದೆ ಹಾದುಹೋಗಲು ನಾಚಿಕೆಯಾಗಿ, ಸುತ್ತು ಬಳಸಿ ಬಸ್ ಹಿಡಿದೆ. ಆದರೆ ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ತಪ್ಪು ಮೆಷಿನ್ನಿನದಲ್ಲ, ಗಂಜಿಯದು! ಗಂಜಿಯನ್ನು ಒಗೆದು ತೆಗೆಯಬಹುದು.

ಮನೆಗೆ ಬಂದವಳೇ ತುಂಡುಗಳನ್ನು ಬಿಸಿನೀರಿನಲ್ಲಿ ಒಗೆದು ಹಾಕಿದೆ. ಗಂಜಿಯಿಲ್ಲದೆ ಪದರಗಳು ಜರುಗದಂತೆ ಹಿಡಿಯುವುದು ಹೇಗೆ? ಕಚ್ಚಾ ಹೊಲಿಗೆ ಹಾಕಬಹುದಿತ್ತು, ಆದರೆ ಮುಂದೆ ಅದನ್ನು ಹಾಕಬೇಕಾದವಳು ಅಕ್ಕ, ಅವಳು ಸೂಜಿ ಮುಟ್ಟುವಂತಿಲ್ಲ. ಪಿನ್ನಾದರೆ ಯಾರು ಬೇಕಾದರೂ ಹಾಕಬಹುದು. ಅಂಗಡಿಯ ಡಬ್ಬಿಗಳಲ್ಲಿದ್ದ ಸೇಫ್ಟಿ ಪಿನ್ನುಗಳನ್ನೆಲ್ಲ ಹುಡುಕಿ, ಅಂಗೈಯಗಲಕ್ಕೊಂದರಂತೆ ಚುಚ್ಚುತ್ತಾ ಹೋದೆ. ಹಿಡಿಯಿತು. ನನ್ನ ಗಂಡ ಬಂದು ನೋಡಿ, "ಇದೇನೇ ಇದು, ಮುಳ್ಳುಹಂದಿ ಮಾಡಿ ಇಟ್ಟಿದೀಯ" ಎಂದರು. ಪಿನ್ನುಗಳನ್ನು ಕೊಡುವ ಕೆಲಸಕ್ಕೆ ಅವರನ್ನೇ ಕೂರಿಸಿಕೊಂಡೆ.

ಎರಡನೆಯ ದಿನ ಅಕ್ಕನನ್ನು ಹೊರಡಿಸಿದ್ದೇ ಒಂದು ಸಾಹಸ. ಫೋನಿನಲ್ಲಿ ಮೊದಲು ಬರಲ್ಲ ಎಂದಳು. ಆಮೇಲೆ, "ಮೆಷಿನ್ ಕೌದೀನ ಕೌದಿ ಅಂತಾರೇನೇ?" ಎಂದಳು. ಕೊನೆಗೆ ನಾನು, "ನಿಂಗ್ ಬ್ಯಾಡ ಅಂದ್ರೆ ಬ್ಯಾಡ ಬಿಡು, ನಂಗಾದ್ರೂ ನೋಡಿ ಹೇಳು ಬಾ, ಟೋಪಿ ಹಾಕ್ಬಿಟ್ಟಾರು" ಎಂದ ಮೇಲೆ ಒಪ್ಪಿದಳು. ತಂಗಿಗೆ ಯಾರೋ ಟೋಪಿ ಹಾಕುತ್ತಾರೆಂದರೆ ಅವಳು ಸುಮ್ಮನಿರುವವಳಲ್ಲ. ತರೀಕೆರೆಯಲ್ಲಿ ಬಸ್ಸಿಳಿದಾಗ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಸೆರಗು ಹೊದ್ದು, ಜಗಳಕ್ಕೆ ತಯಾರಾಗಿಯೇ ಬಂದಿದ್ದಳು.

ಈ ಸಲ ಕಂಪ್ಯೂಟರ್ ಮೆಷಿನ್ನು ನನ್ನ ಮಾನ ಉಳಿಸಿತು. ದಾರ ಕೀಳಲಿಲ್ಲ, ಹೊಲಿಗೆ ಬಿಡಲಿಲ್ಲ. ನಾನು ಅಂಚಿನಿಂದ ಶುರುಮಾಡಿ ಒಂದು ಸುತ್ತು, ಎರಡು ಸುತ್ತು ಎಂದು ಹೊಲಿಯುತ್ತಾ ಹೋದೆ. ಹೊಲಿಗೆ ಮುತ್ತು ಪೋಣಿಸಿದಂತಿತ್ತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಅವಳು ಬೈಯದಿದ್ದದ್ದೇ ದೊಡ್ಡ ಹೊಗಳಿಕೆ ಎಂದುಕೊಂಡೆ.

ಒಳಗೊಳಗೆ ಬಂದಂತೆ ಎಡವಟ್ಟು ಕಾಣಿಸಿತು. ಮೆಷಿನ್ನಿನ ಸೂಜಿಯ ಕೆಳಗೆ ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಸಣ್ಣ ಹಲ್ಲುಗಳಿರುತ್ತವೆ. ಅವು ಕೆಳಗಿನ ಪದರವನ್ನು ಎಳೆದುಕೊಂಡು ಹೋದಷ್ಟು ವೇಗಕ್ಕೆ ಮೇಲಿನ ಪದರ ಬರುವುದಿಲ್ಲ. ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಮೇಲ್ಬಟ್ಟೆ ಹಿಂದುಳಿದು, ಅದೆಲ್ಲ ಒಳಕ್ಕೆ ಒಳಕ್ಕೆ ಸೇರಿ, ನಡುವೆ ಪೂರಿಯಂತೆ ಉಬ್ಬಿ ನಿಂತಿತು. ಚೌಕ ಮುಚ್ಚಲು ಹೋದರೆ ನೆರಿಗೆ ಬೀಳುತ್ತದೆ. ಮೇಡಂ ಬಟ್ಟೆಯನ್ನು ಮೇಲಿನಿಂದ ಒತ್ತಿ ಎರಡೂ ಪದರಗಳನ್ನು ಒಟ್ಟಿಗೆ ನಡೆಸುವ ಬೇರೆ ಪಾದ ಹಾಕಿಕೊಟ್ಟರು. ಉಬ್ಬು ಕಡಿಮೆಯಾಯಿತು, ಹೋಗಲಿಲ್ಲ.

"ನಡುವಿನಿಂದ ಶುರುಮಾಡಿ ಹೊರಗೆ ಹೋಗಿ ಅಮ್ಮಾ. ಎಲ್ಲರೂ ಮಾಡೋದು ಹಾಗೇನೇ. ಉಳಿದ ಬಟ್ಟೆ ಅಂಚಿಗೆ ಹೋಗುತ್ತೆ, ಕತ್ತರಿಸಿಬಿಡಬಹುದು" ಎಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ನಾನು ಅಕ್ಕನ ಮುಖ ನೋಡಿದೆ.

"ನಡು ಮೊದಲೇ ಹೊಲ್ದು ಮುಚ್ಚಿಬಿಟ್ರೆ, ಹೊದಿಯೋರು ಬಂದು ಬಟ್ಟೆ ಎಲ್ಲಿ ಇಡ್ತಾರೆ?" ಎಂದಳು ಅಕ್ಕ. ಮೇಡಮ್ಮಿಗೆ ಅರ್ಥವಾಗದೆ ನಾನು ನಮ್ಮ ಪದ್ಧತಿಯನ್ನೆಲ್ಲ ವಿವರಿಸಿದೆ. ಅವರು ಮೆಚ್ಚಿ ತಲೆಯಾಡಿಸಿದರು, ಆದರೆ ತಲೆಯಾಡಿಸಿದ್ದರಿಂದ ಉಬ್ಬು ಇಳಿಯುವುದಿಲ್ಲವಲ್ಲ.

"ನೀನೂ ಒಂದ್ಸಲ ಕೂತ್ ನೋಡಕ್ಕಾ" ಎಂದೆ. ಅಕ್ಕ ಕೂತಳು. ಮೇಡಂ ಗುಂಡಿ ಒತ್ತಿದರು. ಮೆಷಿನ್ನು ತಾನೇ ಹೊರಟಿತು, ಅಕ್ಕ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದರ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮೆಷಿನ್ನಿಗೆ ಅದು ಗೊತ್ತಾಗಲೂ ಇಲ್ಲ, ತನ್ನ ಪಾಡಿಗೆ ಹೊಲಿಯುತ್ತಲೇ ಇತ್ತು.

"ಚೆನ್ನಾಗೈತೆ ಕಣೇ" ಎಂದು ಎದ್ದಳು. "ನೀನ್ ತಗೋ. ನಿಂಗೆ ರವಿಕೆಗೂ ಆಗ್ತೈತೆ. ಇದಕ್ಕೆ ನಾನೇನೂ ಬೇಕಾಗಿಲ್ಲ."

ಅಜ್ಜಂಪುರದ ಮನೆಯಲ್ಲಿ ಟೀವಿಯ ಮುಂದೆ ಕೂತಿದ್ದಾಗ ಅವಳ ಮುಖ ಹೇಗಿತ್ತೋ ಹಾಗೆಯೇ ಇತ್ತು. ಒಂದು ಕಡೆ ನವಿಲು, ಮದುವೆಯ ರವಿಕೆ. ಇನ್ನೊಂದು ಕಡೆ ಅಕ್ಕ ತಾನಾಗಿಯೇ ತಗೋ ಎನ್ನುತ್ತಿದ್ದಾಳೆ. ಒಪ್ಪಿಬಿಟ್ಟರೆ ಯಾರೂ ನನ್ನನ್ನು ಆಡಿಕೊಳ್ಳುವಂತಿರಲಿಲ್ಲ, ಅಕ್ಕನಿಗಾಗಿ ಎಷ್ಟು ಓಡಾಡಿದಳು ಪಾಪ ಎಂದೇ ಅನ್ನುತ್ತಿದ್ದರು. ನಾನು ಮೇಡಂ ಕಡೆ ತಿರುಗಿ, "ಹಲ್ಲೇ ಇಲ್ಲದ ಮೆಷಿನ್ ಯಾವ್ದಾದ್ರೂ ಐತೇನ್ರೀ?" ಎಂದು ಕೇಳಿದೆ.

ಅವರು ನಕ್ಕು, ಮೂಲೆಯಲ್ಲಿ ಯಾರೂ ಸುಳಿಯದೆ ಇದ್ದ ಇನ್ನೊಂದು ಮೆಷಿನ್ನಿನ ಹತ್ತಿರ ಕರೆದೊಯ್ದರು. ಅದಕ್ಕೆ ನವಿಲಿಲ್ಲ, ಹೂವಿಲ್ಲ. ನೇರ ಹೊಲಿಗೆ ಒಂದೇ. ಮೆಷಿನ್ನಿನ ಮುಖವೇ ಕೂತವರ ಕಡೆಗಿತ್ತು, ಉದ್ದನೆಯ ಬಗಲು ಎದುರಿಗೆ ಚಾಚಿಕೊಂಡಿತ್ತು. ಸುತ್ತ ಊಟದ ಮೇಜಿನಷ್ಟು ಅಗಲದ ನುಣುಪಾದ ಹಲಗೆ, ಕೌದಿಯ ಭಾರವನ್ನೆಲ್ಲ ಅದೇ ಹೊರುತ್ತದೆ. ಹಲ್ಲಿಲ್ಲದ ಕಾರಣ ಬಟ್ಟೆಯನ್ನು ಅದು ತಳ್ಳುವುದಿಲ್ಲ. ಎರಡೂ ಅಂಗೈಗಳನ್ನು ಬಟ್ಟೆಯ ಮೇಲೆ ಇಟ್ಟು ನಾವೇ ನಡೆಸಬೇಕು. ಬಟ್ಟೆ ಎಷ್ಟು ಬೇಗ ಜರುಗುತ್ತಿದೆ ಎಂದು ನೋಡುವ ಒಂದು ಕಣ್ಣು ಸೂಜಿಯ ಹತ್ತಿರ ಇದೆ. ಕೈ ಬೇಗ ಹೋದರೆ ಸೂಜಿ ಬೇಗ, ಕೈ ನಿಧಾನವಾದರೆ ಸೂಜಿ ನಿಧಾನ. ಹೊಲಿಗೆಯ ಉದ್ದ ಮಾತ್ರ ಒಂದೇ ಸಮ.

"ಅಮ್ಮಾ, ಇದು ಕೌದಿ ಬಿಟ್ಟು ಬೇರೆ ಏನಕ್ಕೂ ಬರಲ್ಲ. ಒಂದು ಗುಂಡಿ ಕಾಜಾ ಕೂಡ ಹಾಕಲ್ಲ. ಯೋಚನೆ ಮಾಡಿ" ಎಂದು ಮೇಡಂ ಮೊದಲೇ ಹೇಳಿದರು. ಮಾರಲು ಬಂದವರು ಇಷ್ಟು ಪ್ರಾಮಾಣಿಕವಾಗಿರುವುದನ್ನು ನಾನು ಕಂಡಿರಲಿಲ್ಲ.

ಅಕ್ಕ ಬೇಡ ಬೇಡ ಎನ್ನುತ್ತಲೇ ಕೂತಳು. ಹೆಬ್ಬೆರಳು ಬಳಸದೆ ಅಂಗೈ ಊರಿ ಬಟ್ಟೆ ಸರಿಸಿದಳು. ಟಕ್ ಟಕ್ ಟಕ್ ಎಂದು ಸೂಜಿ ಹಿಂಬಾಲಿಸಿತು. ಬೆದರಿ ಕೈ ನಿಲ್ಲಿಸಿದಳು. ಸೂಜಿಯೂ ನಿಂತಿತು. ಮತ್ತೆ ಸರಿಸಿದಳು, ಮತ್ತೆ ಹೊರಟಿತು. ಬೇಕೆಂದೇ ಒಮ್ಮೆ ಸರ್ರನೆ ಎಳೆದಳು, ಅದೂ ಸರ್ರನೆ ಓಡಿತು. ಅಕ್ಕ ನನ್ನ ಕಡೆ ತಿರುಗಿದಾಗ ಅವಳ ಕಣ್ಣು ಇಷ್ಟಗಲವಾಗಿತ್ತು.

"ಲೇ, ಇದು ನನ್ ಹಿಂದೇನೇ ಬತ್ತೈತೆ ಕಣೇ! ನಾನ್ ನಿಂತ್ರೆ ನಿಂತ್ಕೊಳ್ತೈತೆ!"

ಮೊದಲ ಸುತ್ತು ಸೊಟ್ಟಂಬಟ್ಟ ಹೋಯಿತು. ಎರಡನೆಯದಕ್ಕೆ ಕೈ ಹದಕ್ಕೆ ಬಂತು. ಆಮೇಲೆ ಅವಳಿಗೆ ನಾವ್ಯಾರೂ ಕಾಣಿಸಲಿಲ್ಲ. ಬಟ್ಟೆಯನ್ನು ಅಂಗೈಯಿಂದ ನೀವುವುದು, ಸರಿಸುವುದು, ಮತ್ತೆ ನೀವುವುದು. ನೆಲದ ಮೇಲೆ ಕೂತು ಕೈಯಲ್ಲಿ ಹೊಲಿಯುವಾಗ ಮಾಡುತ್ತಿದ್ದದ್ದೂ ಅದನ್ನೇ. ಒಳಗೊಳಗೆ ಬಂದು ನಡುವಿನ ಚೌಕ ಉಳಿದಾಗ ನಾನು ಅದರ ಮೇಲೆ ಕೈಯಾಡಿಸಿದೆ. ಸಪಾಟಾಗಿತ್ತು! ಉಬ್ಬಿಲ್ಲ, ನೆರಿಗೆಯಿಲ್ಲ. ನಾನು ಭವನದ ನಡುವೆಯೇ ಚಪ್ಪಾಳೆ ತಟ್ಟಿಬಿಟ್ಟೆ. ಮೇಡಮ್ಮೂ ತಟ್ಟಿದರು.

"ಕೈ ನೋಯ್ತಿದೆಯೇನಕ್ಕಾ?"

"ಎಂಥದ್ದೂ ಇಲ್ಲ. ಸುಮ್ನಿರು, ಇದೊಂದ್ ಮೂಲೆ ಮುಗಿಸ್ತೀನಿ."

ಕಂಪ್ಯೂಟರ್ ಮೆಷಿನ್ನಿನ ಕಡೆ ಇನ್ನೊಮ್ಮೆ ನೋಡಿದೆ. ಯಾರೋ ಅದರ ಪರದೆ ಮುಟ್ಟಿ ನವಿಲು ಹೊಲಿಸುತ್ತಿದ್ದರು. ಆಸೆಯಾಗಲಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಎರಡನ್ನೂ ಕೊಳ್ಳುವ ಮಾತು ಕನಸಿನಲ್ಲೂ ಇರಲಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಮೇಡಂ ಹತ್ತಿರ ಹೋಗಿ, ಹಲ್ಲಿಲ್ಲದ್ದೇ ಇರಲಿ ಎಂದೆ. ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಜೊತೆಗೆ ಎಲ್ಲಿಲ್ಲದ ಹಸಿವೂ ಆಯಿತು. ಅಕ್ಕನನ್ನು ಮೆಷಿನ್ನಿನಿಂದ ಎಬ್ಬಿಸಿಕೊಂಡು ಹೋಟೆಲಿಗೆ ಹೋಗಿ ಇಬ್ಬರೂ ಮಸಾಲೆದೋಸೆ ತಿಂದೆವು. ಬರುವಾಗ ಸೀಟು ಹೊಲಿಯುವ ಯಜಮಾನರ ಅಂಗಡಿಗೂ ಹೋಗಿ ಗಂಜಿಯ ಕಥೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೆಷಿನ್ನು ಅಜ್ಜಂಪುರಕ್ಕೆ ಬರುವ ಮುಂಚೆ ಇನ್ನೊಂದು ತೊಡಕಿತ್ತು. ಆ ಬೀದಿಯ ಕರೆಂಟು ಮಧ್ಯಾಹ್ನದ ಹೊತ್ತಿಗೆ ಸೊರಗುತ್ತದೆ, ಸುತ್ತಲಿನ ಪಂಪ್‌ಸೆಟ್ಟುಗಳು ಶುರುವಾದರೆ ಮನೆಯ ಫ್ಯಾನೇ ತೆವಳುತ್ತದೆ. ಅಷ್ಟು ನಾಜೂಕಿನ ಮೆಷಿನ್ನು ಅದನ್ನು ತಾಳುವುದಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೀಟರ್ ಹಿಡಿಸಿ ನೋಡಿದೆವು. ಸ್ಟೆಬಿಲೈಸರ್ ಹಾಕಿಸಿ, ಅರ್ಥಿಂಗ್ ಹೊಸದಾಗಿ ಎಳೆಸಿದೆವು. ಭಾವ ಮುಂದಿನ ಕೋಣೆಯಲ್ಲಿದ್ದ ಈರುಳ್ಳಿ ಮೂಟೆಗಳನ್ನು ಗೊಣಗದೆ ಹಿಂದಕ್ಕೆ ಸಾಗಿಸಿದರು. ಮೇಡಂ ಬಂದು ಮೆಷಿನ್ನು ಕೂಡಿಸಿ, ಎಣ್ಣೆ ಬಿಡುವುದು, ಗೂಡು ಚೊಕ್ಕ ಮಾಡುವುದು, ಸೂಜಿ ಬದಲಾಯಿಸುವುದನ್ನೆಲ್ಲ ಕಲಿಸಿದರು. ಸೂಜಿ ಬದಲಾಯಿಸಲು ಹೆಬ್ಬೆರಳು ಬೇಕು ಎಂದು ಗೊತ್ತಾದಾಗ ನನ್ನ ಮುಖ ಸಣ್ಣದಾಯಿತು. ಅಕ್ಕ, "ಅದಕ್ಕೆ ನಿಮ್ಮ್ ಭಾವ ಅವ್ರೆ ಬಿಡೇ, ಸುಮ್ನೆ ಕೂತಿರ್ತಾರೆ" ಎಂದಳು.

ಕಂಡಕ್ಟರ್ ಇಳಿಸಿದ್ದ ಗಂಟನ್ನು ನಾನೇ ಹೊತ್ತು ತಂದು ಅವಳ ಮುಂದಿಟ್ಟೆ. ಎಲ್ಲವನ್ನೂ ಒಗೆದು ಗಂಜಿ ತೆಗೆದು, ಪಿನ್ನು ಹಾಕಿಯೇ ತಂದಿದ್ದೆ. ಅವಳು ತನ್ನ ಕೈಹೊಲಿಗೆ ನಿಂತುಹೋಗಿದ್ದ ಜಾಗ ಹುಡುಕಿ, ಅದರ ಮುಂದಿನಿಂದಲೇ ಮೆಷಿನ್ನಿನ ಹೊಲಿಗೆ ಶುರುಮಾಡಿದಳು. ನಾನು ಕಡೂರಿಗೆ ಹೊರಟಾಗ ತಲೆಯೆತ್ತಿ ಹೋಗಿಬಾ ಎನ್ನಲೂ ಇಲ್ಲ.

ಆ ಗಂಟು ಮುಗಿಯಲು ತಿಂಗಳಾದರೂ ಬೇಕೆಂದು ನಾನು ನಿಶ್ಚಿಂತಳಾಗಿದ್ದೆ. ಮೊನ್ನೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಿದ್ದೇನಷ್ಟೇ, ಒಬ್ಬ ಹೆಂಗಸು ಮಗಳ ಮದುವೆಯ ರವಿಕೆಗೆ ಕಸೂತಿ ಆಗುತ್ತದಾ ಎಂದು ಕೇಳಿಕೊಂಡು ಬಂದರು. ನನ್ನಲ್ಲಿ ಆ ಮೆಷಿನ್ ಇಲ್ಲ, ಬೇರೆ ಊರಿಗೆ ಕಳಿಸಿ ಹಾಕಿಸಲು ವಾರಗಟ್ಟಲೆ ಬೇಕು ಎಂದು ಹೇಳಿ ಕಳಿಸುವಾಗ ಒಂದು ಗಳಿಗೆ ಕರುಳು ಚುರುಕ್ಕೆಂದದ್ದು ನಿಜ. ಅಷ್ಟರಲ್ಲಿ ಫೋನ್ ಬಂತು.

"ಎಲ್ಲೇ ಮೇಲ್ಪದರ? ನಿನ್ನೆಯಿಂದ ಕೈ ಖಾಲಿ ಕೂತಿದೀನಿ."

"ಎಲ್ಲಾ ಮುಗೀತಾ?" ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. "ಎರಡು ಜೋಡಿಸ್ತಿದೀನಿ ಕಣಕ್ಕಾ. ನಾಳಿದ್ದು ಬಸ್ಸಿಗೆ ಹಾಕ್ತೀನಿ."

"ನಾಳಿದ್ದಾ? ಯಾವಾಗಿಂದ ಇಷ್ಟ್ ಸೋಮಾರಿಯಾದ್ಯೇ ನೀನು? ಅಮ್ಮ ಇದ್ದಿದ್ರೆ ಸೌಟು ತಗೊಂಡಿರೋಳು."

ಅವಳು ಬೈಯುತ್ತಲೇ ಇದ್ದಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ನಗುತ್ತಾ ನಿಂತಿದ್ದೆ. ಕಣ್ಣಲ್ಲಿ ನೀರು ಯಾವಾಗ ಬಂತೋ ಗೊತ್ತಾಗಲಿಲ್ಲ. ಅವಳ ಮಾತಿನ ಹಿಂದೆ ಏನೋ ಗದ್ದಲ, ಯಾರೋ ಕಡಲೆಕಾಯಿ ಕೂಗುವ ಸದ್ದು, ರೈಲಿನ ಶಿಳ್ಳೆ.

"ಎಲ್ಲಿದೀಯಕ್ಕಾ ನೀನು?"

"ಬೀರೂರಲ್ಲಿ ಇಳ್ದೆ. ಆ ಎರಡನ್ನ ಬೇಗ ಮುಗಿಸಿ ಕಟ್ಟಿಡು. ನಾನೇ ತಗೊಂಡೋಗಾಕ್ ಬತ್ತಿದೀನಿ."

ನಾನು ಫೋನಿಟ್ಟು ಮೆಷಿನ್ನಿಗೆ ಓಡಿದೆ.